ವಿಶ್ವಕಪ್ ಸೀಟು: ಯಾವ ಖಂಡಕ್ಕೆ ಎಷ್ಟು, ಯಾಕೆ ಅಷ್ಟು?

ಪ್ರಶ್ನೆ: ನಾಲ್ಕು ಸಲ ಕಪ್ ಗೆದ್ದ ಇಟಲಿ 2018 ಮತ್ತು 2022ರ ಫುಟ್‌ಬಾಲ್ ವಿಶ್ವಕಪ್‌ಗಳನ್ನು ಮನೆಯಲ್ಲಿ ಕೂತು ನೋಡಿತು. 2026ಕ್ಕೆ ಒಂದೂವರೆ ಲಕ್ಷ ಜನರ ಕುರಸಾವೊ ಆಯ್ಕೆಯಾಯಿತು. ಆಫ್ರಿಕಾಕ್ಕೆ ಐದಿದ್ದ ಸೀಟು ಒಂಬತ್ತಾಗಿದೆ, ಏಷ್ಯಾಕ್ಕೆ ಎಂಟು. ಇದು ಆಟದ ಲೆಕ್ಕವೋ, ಓಟಿನ ಲೆಕ್ಕವೋ? ಖಂಡ ಗಿಂಡ ಅಂತ ನೋಡದೆ ಒಳ್ಳೆಯ 48 ತಂಡ ಆರಿಸಿ ಆಡಿಸಿದರೆ ಸಾಕಲ್ವಾ? ಏಷ್ಯಾಕ್ಕೆ ಇಷ್ಟು ಕೊಟ್ಟ ಮೇಲೂ ಭಾರತ ಯಾಕಿಲ್ಲ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ಇಟಲಿಯ ವಿಷಯ ಮುಗಿಸಿಬಿಡೋಣ. ನನಗೂ ಆ ನೀಲಿ ಅಂಗಿ ಇಲ್ಲದ ವಿಶ್ವಕಪ್ ಸಪ್ಪೆ ಅನಿಸುತ್ತದೆ. ಆದರೆ 2022ರಲ್ಲಿ ಇಟಲಿಯ ಸೀಟನ್ನು ಆಫ್ರಿಕಾದವರು ಕಿತ್ತುಕೊಳ್ಳಲಿಲ್ಲ. ಸ್ವಿಟ್ಜರ್ಲೆಂಡ್ ಎದುರು ಎರಡು ಪಂದ್ಯ ಇತ್ತು. ಎರಡರಲ್ಲೂ ಪೆನಾಲ್ಟಿ ಸಿಕ್ಕಿತು. ಎರಡನ್ನೂ ಹೊಡೆದದ್ದು ಜಾರ್ಜಿನ್ಯೊ. ಬಾಸೆಲ್‌ನಲ್ಲಿ ಗೋಲಿ ಹಿಡಿದ, ರೋಮ್‌ನಲ್ಲಿ 90ನೇ ನಿಮಿಷಕ್ಕೆ ಚೆಂಡು ಕಂಬದ ಮೇಲೆ ಹಾರಿಹೋಯಿತು. ಎರಡೂ ಪಂದ್ಯ ಡ್ರಾ. ಒಂದು ಒಳಗೆ ಹೋಗಿದ್ದರೂ ಇಟಲಿ ನೇರವಾಗಿ ಕತಾರ್ ವಿಮಾನ ಹತ್ತುತ್ತಿತ್ತು. ಆಮೇಲೆ ಪಲೆರ್ಮೊದಲ್ಲಿ ಪ್ಲೇಆಫ್, ಅಂದರೆ ನೇರ ಸೀಟು ತಪ್ಪಿದವರಿಗೆ ಕೊನೆಯ ಅವಕಾಶದ ಪಂದ್ಯ. ಎದುರಾಳಿ ಉತ್ತರ ಮ್ಯಾಸಿಡೋನಿಯಾ. ಇಟಲಿಯವರು ಮೂವತ್ತಕ್ಕೂ ಹೆಚ್ಚು ಸಲ ಗೋಲಿಗೆ ಗುರಿಯಿಟ್ಟು ಒದ್ದರು, ಒಂದೂ ಒಳಗೆ ಹೋಗಲಿಲ್ಲ. 92ನೇ ನಿಮಿಷದಲ್ಲಿ ಟ್ರಾಯ್ಕೊವ್‌ಸ್ಕಿ ದೂರದಿಂದ ಒಂದು ಹೊಡೆದ, ಮುಗಿಯಿತು. ಎಂಟು ತಿಂಗಳ ಹಿಂದಷ್ಟೇ ಯೂರೋ ಕಪ್ ಎತ್ತಿದ್ದ ತಂಡ ಅದು. ಯುರೋಪಿಗೆ ಆಗ 13 ಸೀಟಿತ್ತು. ಇಟಲಿ ಸೋತದ್ದು ಪಕ್ಕದ ಮನೆಯವರಿಗೆ.

ಈಗ ಕುರಸಾವೊ. ಕೆರಿಬಿಯನ್ ಸಮುದ್ರದ ಸಣ್ಣ ದ್ವೀಪ, ನೆದರ್ಲೆಂಡ್ಸ್ ಸಾಮ್ರಾಜ್ಯದ ಒಂದು ಭಾಗ. ಜನಸಂಖ್ಯೆಯಲ್ಲಿ ಹೆಚ್ಚೂಕಡಿಮೆ ನಮ್ಮ ಮಂಡ್ಯ ಪಟ್ಟಣದಷ್ಟು. ಇವರು ಹೇಗೆ ಬಂದರು? 2026ರ ಆತಿಥೇಯರು ಅಮೆರಿಕ, ಮೆಕ್ಸಿಕೊ, ಕೆನಡಾ. ಆ ಖಂಡದ ಮೂರು ದೊಡ್ಡಣ್ಣಂದಿರೂ ಅರ್ಹತಾ ಸುತ್ತು ಆಡದೆ ಒಳಗೆ ಹೋದರು. ಉಳಿದ ಮೂರು ನೇರ ಸೀಟುಗಳಿಗೆ ಪನಾಮ, ಹೈಟಿ, ಜಮೈಕಾ, ಕುರಸಾವೊ ಎಲ್ಲರೂ ಕಚ್ಚಾಡಿದರು. 2025ರ ನವೆಂಬರ್ 18ರಂದು ಕಿಂಗ್‌ಸ್ಟನ್‌ನಲ್ಲಿ ಕೊನೆಯ ಪಂದ್ಯ. ಜಮೈಕಾ ಗೆಲ್ಲಲೇಬೇಕು, ಕುರಸಾವೊಗೆ ಡ್ರಾ ಸಾಕು. ದ್ವಿತೀಯಾರ್ಧದಲ್ಲಿ ಜಮೈಕಾದ ಚೆಂಡು ಮೂರು ಸಲ ಕಂಬಕ್ಕೆ ಬಡಿಯಿತು. ಕೊನೆಯ ಗಳಿಗೆಯಲ್ಲಿ ಪೆನಾಲ್ಟಿಯೂ ಸಿಕ್ಕಿತು. ರೆಫರಿ ಟಿವಿ ಪರದೆ ನೋಡಿ ಬಂದು ಅದನ್ನು ವಾಪಸ್ ತಗೊಂಡರು. 0-0. ವಿಶ್ವಕಪ್‌ಗೆ ಬಂದ ಅತಿ ಚಿಕ್ಕ ದೇಶ ಅನ್ನಿಸಿಕೊಂಡಿತು.

ಅದೇ ರಾತ್ರಿ ಹೈಟಿ ಕೂಡ ಅರ್ಹತೆ ಪಡೆಯಿತು. ಸ್ವಂತ ದೇಶದಲ್ಲಿ ಗುಂಡಿನ ಸದ್ದು ನಿಲ್ಲದ ಕಾರಣ ಹೈಟಿ ತನ್ನ 'ತವರಿನ' ಪಂದ್ಯವನ್ನು ಆಡಿದ್ದು ಎಲ್ಲಿ ಗೊತ್ತಾ? ಇದೇ ಕುರಸಾವೊ ದ್ವೀಪದಲ್ಲಿ. ಇಂಥವರಿಗೆ ಸೀಟು ಪುಕ್ಕಟೆ ಸಿಕ್ಕಿತು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆದರೂ ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಇಟಲಿಯ ಕೋಚ್ ಗಟ್ಟುಸೊ ಕೂಡ ಅದೇ ನವೆಂಬರ್‌ನಲ್ಲಿ ಇದನ್ನೇ ಗೊಣಗಿದರು. ಹಿಂದೆ ಆಫ್ರಿಕಾದಿಂದ ಎರಡೇ ತಂಡ ಬರುತ್ತಿದ್ದವು, ಈಗ ಎಷ್ಟೊಂದು. ದಕ್ಷಿಣ ಅಮೆರಿಕದಲ್ಲಿ ಹತ್ತರಲ್ಲಿ ಆರು ನೇರ ಒಳಗೆ. ನಾವು ಆರು ಪಂದ್ಯ ಗೆದ್ದರೂ ಪ್ಲೇಆಫ್ ಆಡಬೇಕು, ಹೀಗೆ. ಅವರ ಸಂಕಟದ ಅರ್ಧ ಭಾಗಕ್ಕೆ ನನ್ನ ಒಪ್ಪಿಗೆ ಇದೆ. ಯಾವ ಅರ್ಧ ಅಂತ ಮುಂದೆ ಹೇಳುತ್ತೇನೆ.

ಮೊದಲು ಅಂಕಿ. 2026ರಲ್ಲಿ ಯುರೋಪಿಗೆ 16, ಆಫ್ರಿಕಾಕ್ಕೆ 9, ಏಷ್ಯಾಕ್ಕೆ 8, ದಕ್ಷಿಣ ಅಮೆರಿಕಕ್ಕೆ 6, ಉತ್ತರ-ಮಧ್ಯ ಅಮೆರಿಕ ಮತ್ತು ಕೆರಿಬಿಯನ್‌ಗೆ ಆತಿಥೇಯರೂ ಸೇರಿ 6, ಓಷಿಯಾನಿಯಾಕ್ಕೆ 1. ಒಟ್ಟು 46. ಉಳಿದ ಎರಡಕ್ಕೆ ಖಂಡಗಳ ನಡುವೆ ಪ್ಲೇಆಫ್. ಈಗ ಇದನ್ನು ಸದಸ್ಯ ದೇಶಗಳ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಯುರೋಪಿನಲ್ಲಿ 55 ದೇಶ, ಅಂದರೆ ನೂರಕ್ಕೆ 29 ಜನರಿಗೆ ಊಟ. ಆಫ್ರಿಕಾದಲ್ಲಿ 54, ಏಷ್ಯಾದಲ್ಲಿ 46. ಎರಡೂ ಕಡೆ ನೂರಕ್ಕೆ 17ರ ಆಸುಪಾಸು. ದಕ್ಷಿಣ ಅಮೆರಿಕದಲ್ಲಿ ನೂರಕ್ಕೆ 60. ಪಂಕ್ತಿಯಲ್ಲಿ ಜಾಸ್ತಿ ಜಾಗ ಹಿಡಿದವರು ಯಾರು ಅಂತ ಕೇಳಿದರೆ ಉತ್ತರ ಈಗಲೂ ಹಳಬರೇ.

ಹಾಗಾದರೆ ದೇಶಗಳ ತಲೆ ಎಣಿಸಿ ಹಂಚಬೇಕಾ? ಅದೂ ಅಲ್ಲ. 2022ರವರೆಗೆ ನಡೆದ 22 ವಿಶ್ವಕಪ್‌ಗಳಲ್ಲಿ 12 ಯುರೋಪಿಗೆ, 10 ದಕ್ಷಿಣ ಅಮೆರಿಕಕ್ಕೆ. ಬೇರೆ ಯಾರೂ ಕಪ್ ಮುಟ್ಟಿಲ್ಲ. ಇದನ್ನು ಮರೆತು ಮಾತಾಡಿದರೆ ಆಟಕ್ಕೆ ಅವಮಾನ. ದಕ್ಷಿಣ ಅಮೆರಿಕದ ಹತ್ತೂ ತಂಡಗಳು ಪರಸ್ಪರ ಎರಡೆರಡು ಸಲ ಆಡುತ್ತವೆ, ಒಬ್ಬೊಬ್ಬರಿಗೆ 18 ಪಂದ್ಯ. ಒಂದು ವಾರ ಸಮುದ್ರ ಮಟ್ಟದಲ್ಲಿ, ಮುಂದಿನ ವಾರ ಬೊಲಿವಿಯಾದ ಎಲ್ ಆಲ್ಟೊದಲ್ಲಿ, 4,000 ಮೀಟರ್‌ಗೂ ಮೇಲೆ. ಅಲ್ಲಿ ಉಸಿರು ಎಳೆಯುವುದೇ ಒಂದು ಆಟ. 2025ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್ ಅಲ್ಲೇ 1-0 ಸೋತಿತು. ಅಷ್ಟು ಒದ್ದಾಡಿಯೂ ಬೊಲಿವಿಯಾ ಬಂದದ್ದು ಏಳನೇ ಸ್ಥಾನಕ್ಕೆ. ಹತ್ತರಲ್ಲಿ ಆರು ಅಂದರೆ ಸುಲಭ ಅಂತ ಕಾಣುತ್ತದೆ, ಆದರೆ ಆ ಹತ್ತರಲ್ಲಿ ಸುಲಭದ ತಂಡ ಒಂದೂ ಇಲ್ಲ.

'ಒಳ್ಳೆಯ 48 ತಂಡ ಆರಿಸಿ' ಅನ್ನುತ್ತೀರಿ. ಯಾವ ತಕ್ಕಡಿಯಲ್ಲಿ ತೂಗೋಣ? ಫಿಫಾ ರ್‍ಯಾಂಕಿಂಗ್ ಅನ್ನುತ್ತೀರಿ. ಆ ತಕ್ಕಡಿಯ ಕಥೆ ಸ್ವಲ್ಪ ಕೇಳಿ. 2018ರವರೆಗೆ ಪಂದ್ಯದ ಅಂಕವನ್ನು ಖಂಡದ ತೂಕದಿಂದ ಗುಣಿಸುತ್ತಿದ್ದರು. ದಕ್ಷಿಣ ಅಮೆರಿಕಕ್ಕೆ 1, ಯುರೋಪಿಗೆ 0.99, ಉಳಿದ ಎಲ್ಲರಿಗೂ 0.85. ಆ ತೂಕ ಎಲ್ಲಿಂದ ಬಂತು? ಹಿಂದಿನ ಮೂರು ವಿಶ್ವಕಪ್‌ಗಳ ಫಲಿತಾಂಶದಿಂದ. ವಿಶ್ವಕಪ್‌ಗೆ ಕಮ್ಮಿ ತಂಡ ಕಳಿಸಿದವರಿಗೆ ಗೆಲ್ಲುವ ಅವಕಾಶವೂ ಕಮ್ಮಿ. ಗೆಲುವು ಕಮ್ಮಿಯಾದರೆ ತೂಕ ಕಮ್ಮಿ. ತೂಕ ಕಮ್ಮಿಯಾದರೆ ಗುಂಪು ಹಂಚುವ ಚೀಟಿ ಎತ್ತುವಾಗ ದುರ್ಬಲರ ಪಾತ್ರೆಯಲ್ಲಿ ಹೆಸರು, ಗುಂಪಿನಲ್ಲಿ ಬ್ರೆಜಿಲ್ಲೋ ಜರ್ಮನಿಯೋ ಎದುರು. ಮತ್ತೆ ಸೋಲು. ಗಾಣದ ಎತ್ತಿನ ಹಾಗೆ ಸುತ್ತು.

2018ರಲ್ಲಿ ಆ ಗುಣಾಕಾರ ತೆಗೆದರು. ಈಗಿನ ಲೆಕ್ಕ ಚೆಸ್‌ನ ಈಲೊ ಪದ್ಧತಿಯಂತೆ: ಗೆದ್ದರೆ ಎದುರಾಳಿಯ ಅಂಕದಲ್ಲಿ ಒಂದಷ್ಟು ನಿಮಗೆ ಬರುತ್ತದೆ. ಹಿಂದಿನದಕ್ಕಿಂತ ಎಷ್ಟೋ ವಾಸಿ. ಆದರೆ ಅದೇ ವರ್ಷ ಯುರೋಪಿನವರು ನೇಷನ್ಸ್ ಲೀಗ್ ಶುರು ಮಾಡಿದರು. ಮೊದಲು ಸ್ನೇಹ ಪಂದ್ಯಕ್ಕೆ ಅಂತ ಘಾನಾ, ಜಪಾನ್, ಈಜಿಪ್ಟ್ ಜೊತೆ ಆಡುತ್ತಿದ್ದ ದಿನಗಳಲ್ಲಿ ಈಗ ತಮ್ಮತಮ್ಮಲ್ಲೇ ಆಡುತ್ತಾರೆ. ಅಂಕಗಳು ಯುರೋಪಿನ ಒಳಗೇ ಸುತ್ತುತ್ತವೆ, ಏಷ್ಯಾದ ಅಂಕ ಏಷ್ಯಾದ ಒಳಗೆ. ಎರಡು ಊರಿನ ಸಂತೆಗಳಲ್ಲಿ ಬೇರೆಬೇರೆ ಸೇರು ಇಟ್ಟುಕೊಂಡು ಅಳೆದ ಹಾಗೆ. ಸೇರನ್ನು ಸೇರಿಗೆ ಹೋಲಿಸಲು ನಾಲ್ಕು ವರ್ಷಕ್ಕೊಮ್ಮೆ ಸಿಗುವ ಜಾಗ ವಿಶ್ವಕಪ್ ಒಂದೇ.

ಅಲ್ಲಿಯೂ ಫಲಿತಾಂಶ ನಿಂತ ಕಡೆ ನಿಲ್ಲುವುದಿಲ್ಲ. 2014ರಲ್ಲಿ ಏಷ್ಯಾದ ನಾಲ್ಕು ತಂಡ ಬ್ರೆಜಿಲ್‌ಗೆ ಹೋದವು. 12 ಪಂದ್ಯ, 9 ಸೋಲು, 3 ಡ್ರಾ, ಗೆಲುವು ಸೊನ್ನೆ. ನಾಲ್ಕೂ ತಂಡ ತಮ್ಮ ಗುಂಪಿನ ತಳದಲ್ಲಿ. ಆ ವರ್ಷ ಕೇಳಿದ್ದರೆ ಏಷ್ಯಾಕ್ಕೆ ಎರಡು ಸೀಟು ಸಾಕು ಅಂತ ನಾನೇ ಹೇಳುತ್ತಿದ್ದೆನೇನೋ. ಎಂಟು ವರ್ಷದ ನಂತರ ಅದೇ ಏಷ್ಯಾದ ಮೂರು ತಂಡ ಕೊನೆಯ ಹದಿನಾರರಲ್ಲಿದ್ದವು. ಜಪಾನ್ ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿತು. ಸೌದಿ ಅರೇಬಿಯಾ ಅರ್ಜೆಂಟೀನಾವನ್ನು, ಅದೂ ಮುಂದೆ ಕಪ್ ಎತ್ತಿದ ಅರ್ಜೆಂಟೀನಾವನ್ನು, 2-1ರಿಂದ ಮಣಿಸಿತು. ಆಫ್ರಿಕಾದ ಕಥೆಯೂ ಇದೇ. 2018ರಲ್ಲಿ ಐದು ತಂಡ ಹೋಗಿ ಐದೂ ಗುಂಪಿನಲ್ಲೇ ಔಟ್. ಅದರಲ್ಲಿ ಸೆನೆಗಲ್ ಹೊರಗೆ ಹೋದದ್ದು ಆಟದಿಂದಲ್ಲ, ಹಳದಿ ಕಾರ್ಡಿನಿಂದ. ಜಪಾನ್ ಮತ್ತು ಸೆನೆಗಲ್‌ಗೆ ಅಂಕ ಸಮ, ಗೋಲು ಸಮ. ಜಪಾನ್‌ಗೆ ನಾಲ್ಕು ಹಳದಿ, ಸೆನೆಗಲ್‌ಗೆ ಆರು. ಕೊನೆಯ ಹತ್ತು ನಿಮಿಷ ಜಪಾನಿನವರು ಪೋಲೆಂಡ್ ಎದುರು 1-0 ಹಿಂದಿದ್ದರೂ ಚೆಂಡನ್ನು ತಮ್ಮಲ್ಲೇ ಹಿಂದೆ ಮುಂದೆ ತಳ್ಳಿಕೊಂಡು ಕಾಲ ಕಳೆದರು. ಸೋತು ಮುಂದೆ ಹೋದರು. ಮುಂದಿನ ಸಲ, 2022ರಲ್ಲಿ, ಆಫ್ರಿಕಾದ ಐದೂ ತಂಡ ಒಂದೊಂದಾದರೂ ಪಂದ್ಯ ಗೆದ್ದವು. ಟ್ಯುನೀಷಿಯಾ ಫ್ರಾನ್ಸನ್ನು, ಕ್ಯಾಮರೂನ್ ಬ್ರೆಜಿಲನ್ನು ಸೋಲಿಸಿತು. ಮೊರಾಕೊ ಸೆಮಿಫೈನಲ್‌ವರೆಗೆ ಹೋಯಿತು.

ಇಷ್ಟು ಓಲಾಡುವ ಫಲಿತಾಂಶ ಹಿಡಿದು ಸೀಟು ಹಂಚಲು ಆಗುವುದಿಲ್ಲ. ಯಾವತ್ತೂ ಹಾಗೆ ಹಂಚಿಯೂ ಇಲ್ಲ.

ಇದಕ್ಕೆ 1966ರ ಕಥೆ ಹೇಳಲೇಬೇಕು. ಆಗ ವಿಶ್ವಕಪ್‌ನಲ್ಲಿ 16 ತಂಡ. ಯುರೋಪಿನಿಂದ ಹತ್ತು, ದಕ್ಷಿಣ ಅಮೆರಿಕದಿಂದ ನಾಲ್ಕು, ಉತ್ತರ-ಮಧ್ಯ ಅಮೆರಿಕಕ್ಕೆ ಒಂದು. ಉಳಿದ ಒಂದೇ ಒಂದು ಸೀಟು ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿ. ಆಫ್ರಿಕಾ ಗೆದ್ದವರು ಏಷ್ಯಾ ಕಡೆ ಗೆದ್ದವರ ಜೊತೆ ಮತ್ತೆ ಆಡಬೇಕು. ಆಗಷ್ಟೇ ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲ. ಘಾನಾದ ಅಧ್ಯಕ್ಷ ಎನ್‌ಕ್ರುಮಾ ಫುಟ್‌ಬಾಲನ್ನು ದೇಶದ ಮಾನ ಅಂತಲೇ ನೋಡುತ್ತಿದ್ದವರು. ಅವರ ತಂಡ 1963 ಮತ್ತು 1965ರಲ್ಲಿ ಆಫ್ರಿಕಾ ಕಪ್ ಗೆದ್ದಿತ್ತು. ಘಾನಾದ ಕ್ರೀಡಾ ಮುಖ್ಯಸ್ಥ ಒಹೆನೆ ಜಾನ್ ಮುಂದೆ ನಿಂತು ಬಹಿಷ್ಕಾರಕ್ಕೆ ಒತ್ತಾಯಿಸಿದರು. ಆಫ್ರಿಕಾದ 15 ತಂಡಗಳು ನಾವು ಆಡುವುದೇ ಇಲ್ಲ ಅಂತ ಹಿಂದೆ ಸರಿದವು. ಫಿಫಾ ಕಿವಿಗೆ ಹಾಕಿಕೊಳ್ಳಲಿಲ್ಲ. ದಂಡ ಬೇರೆ ಹಾಕಿತು.

ದಕ್ಷಿಣ ಕೊರಿಯಾ ಕೂಡ ಆಡಲಿಲ್ಲ. ಕೊನೆಗೆ ಉಳಿದವರು ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ. ಕಾಂಬೋಡಿಯಾದ ಫ್ನಾಮ್ ಪೆನ್‌ನಲ್ಲಿ ಎರಡು ಪಂದ್ಯ ಆಡಿಸಿದರು. ಕೊರಿಯನ್ನರು 6-1, 3-1ರಿಂದ ಗೆದ್ದು ಇಂಗ್ಲೆಂಡಿಗೆ ಹೋದರು. ಹೆಸರೂ ಗೊತ್ತಿಲ್ಲದ ತಂಡ. ಮಿಡಲ್ಸ್‌ಬರೊದ ಮೈದಾನದಲ್ಲಿ ಪಾಕ್ ಡೂ-ಇಕ್ ಒಂದು ಗೋಲು ಹೊಡೆದ. ಎದುರಾಳಿ ಸೋತು ಮನೆಗೆ ಹೋಯಿತು, ವಿಮಾನ ನಿಲ್ದಾಣದಲ್ಲಿ ಜನ ಕೊಳೆತ ಟೊಮೆಟೊ ಎಸೆದರು. ಆ ಎದುರಾಳಿ ಯಾರು ಅಂತ ಊಹಿಸಿದಿರಾ? ಇಟಲಿ.

ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಕೊರಿಯನ್ನರು ಪೋರ್ಚುಗಲ್ ಎದುರು 3-0 ಮುಂದಿದ್ದರು. ಆಮೇಲೆ ಯುಸೇಬಿಯೊ ಒಬ್ಬನೇ ನಾಲ್ಕು ಗೋಲು ಹೊಡೆದ. 5-3. ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, ಒಂಬತ್ತು ಗೋಲು ಅವನದೇ. ಯುಸೇಬಿಯೊ ಹುಟ್ಟಿ ಬೆಳೆದದ್ದು ಮೊಜಾಂಬಿಕ್‌ನಲ್ಲಿ, ಆಗಿನ್ನೂ ಪೋರ್ಚುಗಲ್ಲಿನ ವಸಾಹತು. ಆಫ್ರಿಕಾಕ್ಕೆ ಒಂದು ಸೀಟು ಕೊಡುವ ಯೋಗ್ಯತೆ ಇಲ್ಲ ಅಂದ ವಿಶ್ವಕಪ್‌ನ ದೊಡ್ಡ ಸ್ಟಾರ್ ಆಫ್ರಿಕಾದ ಹುಡುಗ. ನನಗೆ ಈ ಸಂಗತಿ ನೆನಪಾದಾಗಲೆಲ್ಲ ನಗು ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಬಹಿಷ್ಕಾರ ಫಲ ಕೊಟ್ಟಿತು. 1970ರಿಂದ ಆಫ್ರಿಕಾಕ್ಕೆ ಒಂದು ಪೂರ್ತಿ ಸೀಟು. ನೀವು 'ಓಟಿನ ಲೆಕ್ಕ' ಅಂದಿರಲ್ಲ, ಅದು ಬಂದದ್ದು 1974ರಲ್ಲಿ. ಫಿಫಾದಲ್ಲಿ ಒಂದು ದೇಶಕ್ಕೆ ಒಂದು ಓಟು. ಬ್ರೆಜಿಲ್‌ಗೂ ಒಂದೇ, ಭೂತಾನ್‌ಗೂ ಒಂದೇ. ಬ್ರೆಜಿಲ್‌ನ ಜೊವೊ ಹಾವೆಲಾಂಜ್ ಆಫ್ರಿಕಾ, ಏಷ್ಯಾ ಸುತ್ತಿ ಹೆಚ್ಚು ಸೀಟಿನ ಭರವಸೆ ಕೊಟ್ಟರು. ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಫಿಫಾ ಅಧ್ಯಕ್ಷರ ಚುನಾವಣೆಯಲ್ಲಿ ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್ ಅವರನ್ನು 68-52 ಓಟಿನಿಂದ ಸೋಲಿಸಿದರು. 1982ಕ್ಕೆ ವಿಶ್ವಕಪ್ 24 ತಂಡ ಆಯಿತು. 2016ರಲ್ಲಿ ಅಧ್ಯಕ್ಷರ ಚುನಾವಣೆ ಗೆದ್ದ ಇನ್‌ಫಾಂಟಿನೊ 40 ತಂಡ ಮಾಡುತ್ತೇನೆ ಅಂದಿದ್ದರು, ಗೆದ್ದ ಮೇಲೆ 48 ಮಾಡಿದರು. ಹೌದು, ಓಟಿನ ಲೆಕ್ಕ ಇದೆ. ಸುಳ್ಳು ಹೇಳಲ್ಲ. ಆದರೆ 1966ರಲ್ಲಿ ಹತ್ತು ಸೀಟು ಯುರೋಪಿಗೆ ಹೋದದ್ದೇನು ಆಟದ ಲೆಕ್ಕವಾ? ಆಗ ಕೋಣೆಯಲ್ಲಿ ಕೂತಿದ್ದವರು ಅವರೇ, ಅಷ್ಟೆ.

1982ರಲ್ಲಿ ಸಿಕ್ಕ ಎರಡು ಸೀಟುಗಳಲ್ಲಿ ಆಫ್ರಿಕಾದವರು ಏನು ಮಾಡಿದರು ನೋಡಿ. ಆಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು ಸೋಲಿಸಿತು, ಚಿಲಿಯನ್ನೂ ಸೋಲಿಸಿತು. ಆಮೇಲೆ ಹಿಹೋನ್‌ನಲ್ಲಿ ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ಅನುಕೂಲವಾಗುವ ಹಾಗೆ ಆಟ 1-0ಗೆ ನಿಂತುಹೋಯಿತು, ಆಲ್ಜೀರಿಯಾ ಔಟ್. ಗುಂಪಿನ ಕೊನೆಯ ಪಂದ್ಯಗಳನ್ನು ಈಗ ಒಂದೇ ಹೊತ್ತಿಗೆ ಆಡಿಸುವುದು ಆ ದಿನದ ನಾಚಿಕೆಯಿಂದ. ಇನ್ನೊಂದು ತಂಡ ಕ್ಯಾಮರೂನ್. ಮೂರು ಪಂದ್ಯ, ಮೂರೂ ಡ್ರಾ, ಒಂದೂ ಸೋಲಿಲ್ಲ. ಅದೇ ಗುಂಪಿನಲ್ಲಿ ಇನ್ನೊಂದು ತಂಡಕ್ಕೂ ಮೂರು ಡ್ರಾ. ಆದರೆ ಅದು ಒಂದು ಗೋಲು ಜಾಸ್ತಿ ಹೊಡೆದಿತ್ತು, ಮುಂದೆ ಹೋಯಿತು, ಕಪ್ಪನ್ನೇ ಗೆದ್ದಿತು. ಅದೂ ಇಟಲಿಯೇ. ಒಂದೇ ಒಂದು ಗೋಲಿನ ಅಂತರ, ಸ್ವಾಮಿ!

ಸೀಟು ಕೊಟ್ಟರೆ ಆಟ ಬೆಳೆಯುತ್ತದಾ ಅಂತ ಕೇಳುವವರಿಗೆ ನಾನು ಒಂದು ಸಣ್ಣ ಅನುಭವ ಹೇಳುತ್ತೇನೆ. ಕೆಲವು ವರ್ಷ ಜಿಲ್ಲೆಯ ಶಾಲಾ ತಂಡ ಆರಿಸುವ ಸಮಿತಿಯಲ್ಲಿ ಕೂತಿದ್ದೆ. ಪ್ರತಿ ವರ್ಷ ಹದಿನಾರಕ್ಕೆ ಹದಿನಾರೂ ಪಟ್ಟಣದ ಎರಡು ಶಾಲೆಯ ಹುಡುಗರು. ಅವರಿಗೆ ಮೈದಾನ ಇತ್ತು, ಬೂಟು ಇತ್ತು. ಒಂದು ವರ್ಷ ನಾಲ್ಕು ಜಾಗ ಹೊರಗಿನ ತಾಲ್ಲೂಕುಗಳಿಗೆ ಅಂತ ಬಿಟ್ಟೆವು. ಬೈಸಿಕೊಂಡೆವು. ಬೆಳಗಿನ ಜಾವದ ಬಸ್ಸಿಗೆ ಬಂದ ಮಲೆನಾಡ ಹುಡುಗರಿಗೆ ಆಫ್‌ಸೈಡ್ ಅಂದರೆ ಏನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ವಿಭಾಗ ಮಟ್ಟದಲ್ಲಿ ಹೀನಾಯವಾಗಿ ಸೋತೆವು. ಮುಂದಿನ ವರ್ಷ ಆ ತಾಲ್ಲೂಕಿಗೆ ಹೋದಾಗ ಒಂದು ಶಾಲೆಯ ಹಿಂದೆ ಅಡಿಕೆ ಮರದ ಎರಡು ಕಂಬ ನೆಟ್ಟು ಅಡ್ಡಕ್ಕೆ ಬಿದಿರು ಕಟ್ಟಿದ್ದರು. ಪಿಟಿ ಮೇಷ್ಟ್ರು ನಗುತ್ತಾ, 'ಜಿಲ್ಲಾ ತಂಡಕ್ಕೆ ಹೋಗ್ತಾರೆ ಅಂತ ಹೆಡ್ಮಾಸ್ಟರಿಗೆ ಹೇಳ್ದೆ ಸಾರ್, ಒಪ್ಕೊಂಡ್ರು' ಅಂದರು. ಸೀಟು ಇಲ್ಲದಿದ್ದರೆ ಹೆಡ್ಮಾಸ್ಟರಿಗೆ ಹೇಳಲು ಅವರ ಬಳಿ ಏನಿತ್ತು?

ಆದರೆ ಸೀಟೊಂದೇ ಸಾಲದು. ಮೊರಾಕೊ 2022ರಲ್ಲಿ ಸೆಮಿಫೈನಲ್ ಆಡಿದ್ದರ ಹಿಂದೆ ಸಾಲೆ ಊರಿನ ಮೊಹಮ್ಮದ್ 6 ಅಕಾಡೆಮಿಯೂ ಇದೆ. ಎನ್-ನೆಸಿರಿ, ಔನಾಹಿ ಅಲ್ಲಿಂದ ಬಂದವರು. ಜೊತೆಗೆ ಆ ತಂಡದ 26 ಜನರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಯುರೋಪಿನ ಅಕಾಡೆಮಿಗಳಲ್ಲಿ ಕಲಿತ ಮಕ್ಕಳನ್ನು ಮನೆಗೆ ಕರೆದರು. ಕುರಸಾವೊ ಮಾಡಿದ್ದೂ ಅದನ್ನೇ, ಅವರ ಹೆಚ್ಚಿನ ಆಟಗಾರರು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರು.

ಈಗ ಗಟ್ಟುಸೊ ಸಂಕಟದ ಯಾವ ಅರ್ಧ ನನಗೆ ಒಪ್ಪಿಗೆ ಅಂತ ಹೇಳುತ್ತೇನೆ. ಅಂಕಿಗಳನ್ನು ಯಾರೂ ಆಟ ನೋಡಿ ಇಟ್ಟಿಲ್ಲ ಅನ್ನುವುದು ನಿಜ. ಅದಕ್ಕೆ ಒಳ್ಳೆಯ ಉದಾಹರಣೆ ಆಫ್ರಿಕಾದ ಒಂಬತ್ತಲ್ಲ, ಯುರೋಪಿನ ಹದಿನಾರು. 2017ರಲ್ಲಿ 48 ತಂಡ ಅಂತ ತೀರ್ಮಾನಿಸಿದಾಗ ಯೋಜನೆ ಇದ್ದದ್ದು ಮೂರು ಮೂರು ತಂಡಗಳ 16 ಗುಂಪು. ಗುಂಪಿಗೆ ಒಂದೇ ಯುರೋಪಿನ ತಂಡ ಇರಲಿ, ನಾವು ಮೊದಲ ಸುತ್ತಿನಲ್ಲಿ ನಮ್ಮವರನ್ನೇ ಹೊಡೆದುಹಾಕುವುದು ಬೇಡ ಅಂತ ಯುರೋಪ್ ಒಕ್ಕೂಟ 16 ಕೇಳಿತು. ಸಿಕ್ಕಿತು. ಆಮೇಲೆ 2023ರಲ್ಲಿ ಯೋಜನೆ ಬದಲಾಯಿತು. ಮೂರರ ಗುಂಪು ಬಿಟ್ಟು ನಾಲ್ಕರ 12 ಗುಂಪು ಮಾಡಿದರು. 16ರ ಕಾರಣವೇ ಹೋಯಿತು, 16 ಮಾತ್ರ ಉಳಿಯಿತು.

ಇನ್ನೊಂದು ಇದಕ್ಕಿಂತ ಮುಖ್ಯ. ಕೊನೆಯ ಎರಡು ಸೀಟಿನ ಪ್ಲೇಆಫ್‌ಗೆ ಮೆಕ್ಸಿಕೊಗೆ ಕರೆದದ್ದು ಆರು ತಂಡ: ಬೊಲಿವಿಯಾ, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ಇರಾಕ್, ಜಮೈಕಾ, ಸುರಿನಾಮ್, ನ್ಯೂ ಕ್ಯಾಲಿಡೋನಿಯಾ. ಯುರೋಪಿನಿಂದ ಒಂದೂ ಇಲ್ಲ. ಯುರೋಪಿನ ಹದಿನೇಳನೇ ತಂಡ ದೊಡ್ಡದೋ, ಆಫ್ರಿಕಾದ ಒಂಬತ್ತನೇ ತಂಡ ದೊಡ್ಡದೋ ಅನ್ನುವ ಜಗಳವನ್ನು ಮೈದಾನದಲ್ಲಿ ತೀರಿಸುವ ದಾರಿಯೇ ಇಲ್ಲ. ಟಿವಿ ಸ್ಟುಡಿಯೋದಲ್ಲಿ ಮಾತ್ರ ತೀರಿಸಬಹುದು. ನನ್ನ ಕೈಗೆ ಪೆನ್ನು ಕೊಟ್ಟರೆ ಖಂಡಗಳಿಗೆ 36 ಖಾತ್ರಿ ಸೀಟು ಹಂಚುತ್ತೇನೆ. ಯುರೋಪಿಗೆ ಹನ್ನೆರಡು, ಗುಂಪಿಗೊಂದು. ಉಳಿದ 12ಕ್ಕೆ ಎಲ್ಲ ಖಂಡದ ಮಧ್ಯಮ ತಂಡಗಳನ್ನು ಬೆರೆಸಿ ಮನೆಯಲ್ಲೊಂದು, ಹೊರಗೊಂದು ಪಂದ್ಯ ಆಡಿಸುತ್ತೇನೆ. ಇಟಲಿ ಲಾಗೋಸ್‌ಗೆ ಹೋಗಲಿ. ನೈಜೀರಿಯಾ ಮಿಲಾನ್‌ಗೆ ಬರಲಿ. ಬಸ್ರಾದಲ್ಲಿ ಇರಾಕ್ ಎದುರು ಸ್ಕಾಟ್ಲೆಂಡ್ ಬೆವರಲಿ. ಗೆದ್ದವರು ಬಂದರೆ ಯಾರೂ ತುಟಿ ಬಿಚ್ಚುವಂತಿಲ್ಲ. ಯುರೋಪಿನ ದೊಡ್ಡ ಕ್ಲಬ್‌ಗಳು ಇದಕ್ಕೆ ದಿನ ಬಿಟ್ಟುಕೊಡುವುದಿಲ್ಲ ಅಂತ ಗೊತ್ತು. ಆದರೂ ಕೇಳಿದಿರಿ, ಹೇಳಿದೆ.

ಓಷಿಯಾನಿಯಾದ ಒಂದು ಸೀಟು ನನಗೂ ಸ್ವಲ್ಪ ಮುಜುಗರ. ಆಸ್ಟ್ರೇಲಿಯಾ 2001ರಲ್ಲಿ ಅಮೆರಿಕನ್ ಸಮೋವಾವನ್ನು 31-0ರಿಂದ ಸೋಲಿಸಿತು. ಒಬ್ಬನೇ, ಆರ್ಚಿ ಥಾಂಪ್ಸನ್, 13 ಗೋಲು ಹೊಡೆದ. ಇಂಥ ಗೆಲುವಿನಿಂದ ಪ್ರಯೋಜನ ಇಲ್ಲ ಅಂತ 2006ರಲ್ಲಿ ಆಸ್ಟ್ರೇಲಿಯಾ ಏಷ್ಯಾಕ್ಕೆ ಬಂತು. ಈಗ ಅಲ್ಲಿ ಉಳಿದ ದೊಡ್ಡವರು ನ್ಯೂಜಿಲೆಂಡ್ ಒಬ್ಬರೇ. ಸೀಟು ಖಂಡದ್ದು ಅಂತ ಹೆಸರು, ನಿಜವಾಗಿ ಒಂದು ಮನೆಯದು. ಆದರೆ ಅವರನ್ನು ತೀರಾ ಹಗುರ ಮಾಡಬೇಡಿ. 2010ರ ಇಡೀ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಸೋಲದ ತಂಡ ನ್ಯೂಜಿಲೆಂಡ್ ಮಾತ್ರ. ಕಪ್ ಗೆದ್ದ ಸ್ಪೇನ್ ಕೂಡ ಒಂದು ಸೋತಿತ್ತು. ನ್ಯೂಜಿಲೆಂಡ್ ಜೊತೆ 1-1 ಡ್ರಾ ಮಾಡಿಕೊಂಡು ಗುಂಪಿನ ತಳಕ್ಕೆ ಹೋದವರು ಯಾರು ಅಂತ ನಾನು ಮತ್ತೆ ಹೇಳಬೇಕಾಗಿಲ್ಲ.

ಖಂಡಗಳ ನಡುವಿನ ಅನ್ಯಾಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಖಂಡದ ಒಳಗಿನದ್ದನ್ನು ಮರೆಯುತ್ತಾರೆ. ಏಷ್ಯಾದ ಎಂಟು ಸೀಟಿನಲ್ಲಿ ಆರು ಮೂರನೇ ಸುತ್ತಿನಲ್ಲೇ ಹೋದವು. ಉಜ್ಬೇಕಿಸ್ತಾನ, ಜೋರ್ಡಾನ್ ಮೊದಲ ಸಲ ಬಂದದ್ದು ಖುಷಿ. ಉಳಿದ ಎರಡಕ್ಕೆ ಆರು ತಂಡ, ಎರಡು ಗುಂಪು. ಪಂದ್ಯ ಎಲ್ಲಿ? ಒಂದು ಗುಂಪು ಕತಾರ್‌ನಲ್ಲಿ, ಇನ್ನೊಂದು ಸೌದಿಯಲ್ಲಿ. ಎರಡೂ ದೇಶ ಆ ಆರರಲ್ಲಿ ಇದ್ದವು. ಇರಾಕ್, ಯುಎಇ, ಒಮಾನ್, ಇಂಡೋನೇಷ್ಯಾ ಬೇರೆಯವರ ಅಂಗಳದಲ್ಲಿ ಆಡಬೇಕಾಯಿತು. ಗೆದ್ದು ಬಂದವರು ಕತಾರ್ ಮತ್ತು ಸೌದಿ. ಇರಾಕ್ ಜೆಡ್ಡಾದಲ್ಲಿ ಸೌದಿ ಎದುರು 0-0 ಮಾಡಿಯೂ ಗೋಲಿನ ಲೆಕ್ಕದಲ್ಲಿ ಹಿಂದೆ ಬಿತ್ತು. ಆಫ್ರಿಕಾಕ್ಕೆ ಒಂಬತ್ತು ಯಾಕೆ ಅಂತ ಕೇಳುವ ಗಂಟಲು ಇಲ್ಲಿ ಯಾಕೆ ಏಳಲಿಲ್ಲವೋ ಕಾಣೆ.

ಕೊನೆಗೆ ಭಾರತ. ನಮಗೆ ಸೀಟು ಸಿಕ್ಕಿಲ್ಲ ಅನ್ನಬೇಡಿ, ಒಮ್ಮೆ ಸಿಕ್ಕಿತ್ತು. 1950ರಲ್ಲಿ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು, ಚೆಂಡು ಮುಟ್ಟದೆಯೇ ಭಾರತಕ್ಕೆ ಬ್ರೆಜಿಲ್ ಟಿಕೆಟ್ ಬಂತು. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಅನ್ನುವುದು ಊರೆಲ್ಲ ಓಡಾಡುವ ಕಥೆ. ಅಸಲಿಗೆ ನಮ್ಮ ಒಕ್ಕೂಟಕ್ಕೆ ಆಗ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು, ವಿಶ್ವಕಪ್ ಅಲ್ಲ. ತಂಡವೇನೂ ಕಳಪೆ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 2-1ರಿಂದ ಸೋತೆವು, ಎರಡು ಪೆನಾಲ್ಟಿ ಹಾಳು ಮಾಡಿಕೊಂಡು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. 1950ರಲ್ಲಿ ಹೋಗಿದ್ದರೆ ನಮ್ಮ ಗುಂಪಿನಲ್ಲಿ ಯಾರಿದ್ದರು ಅಂತೀರಿ? ಸ್ವೀಡನ್, ಪರಾಗ್ವೆ, ಇಟಲಿ!

ಏಷ್ಯಾ ಕಪ್‌ನಲ್ಲೂ ಬಾಗಿಲು ತೆರೆದುಕೊಂಡಿತು. ಹಿಂದುಳಿದ ದೇಶಗಳಿಗೆ ಅಂತಲೇ ಚಾಲೆಂಜ್ ಕಪ್ ಮಾಡಿದ್ದರು, ಗೆದ್ದವರಿಗೆ ಏಷ್ಯಾ ಕಪ್ ಸೀಟು. 2008ರಲ್ಲಿ ದೆಹಲಿಯಲ್ಲಿ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿ ಅದನ್ನು ಗೆದ್ದೆವು, ಸುನಿಲ್ ಚೆಟ್ರಿಯದು ಹ್ಯಾಟ್ರಿಕ್. 2019ಕ್ಕೆ ಏಷ್ಯಾ ಕಪ್ 16ರಿಂದ 24 ತಂಡಕ್ಕೆ ಹಿಗ್ಗಿತು, ಮತ್ತೆ ಹೋದೆವು, ಥಾಯ್ಲೆಂಡನ್ನು 4-1ರಿಂದ ಬಗ್ಗುಬಡಿದೆವು. ಮುಂದಿನ ಸಲ ಮೂರು ಪಂದ್ಯ ಆಡಿ ಒಂದೂ ಗೋಲಿಲ್ಲ. 2027ರ ಏಷ್ಯಾ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ, ಗೋವಾದಲ್ಲಿ ಸಿಂಗಾಪುರದ ಎದುರು ಸೋತೆವು. ಸೀಟು ಕೊಟ್ಟರೆ ಎಲ್ಲರೂ ಬೆಳೆಯುತ್ತಾರೆ ಅನ್ನುವ ನನ್ನ ವಾದಕ್ಕೆ ನನ್ನ ದೇಶವೇ ಅಡ್ಡ ನಿಂತಿದೆ, ಏನು ಮಾಡೋಣ?

2026ರ ಅರ್ಹತಾ ಸುತ್ತಿನಲ್ಲಿ ನಮಗೆ ಅನ್ಯಾಯ ಆಗಿಲ್ಲ ಅಂತಲ್ಲ. 2024ರ ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಎದುರು 1-0 ಮುಂದಿದ್ದೆವು. ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರಿನವರು ಅದನ್ನು ಎಳೆದು ತಂದು ಗೋಲು ಮಾಡಿದರು, ರೆಫರಿ ಒಪ್ಪಿದರು. ಆ ಸುತ್ತಿನಲ್ಲಿ ಟಿವಿ ಪರದೆ ನೋಡುವ ವ್ಯವಸ್ಥೆ ಇರಲಿಲ್ಲ. ಆಮೇಲೆ 2-1 ಸೋಲು. ಇದನ್ನೇ ಹಿಡಿದು ಎಷ್ಟು ಬೇಕಾದರೂ ಅಳಬಹುದು, ನಾನೂ ಅತ್ತಿದ್ದೇನೆ. ಆದರೆ ಅದಕ್ಕೆ ಮೂರು ತಿಂಗಳ ಮೊದಲು ಗುವಾಹಟಿಯಲ್ಲಿ ಅಫ್ಘಾನಿಸ್ತಾನ ಬಂದಿತ್ತು. ಒಕ್ಕೂಟದ ಜೊತೆ ಜಗಳವಾಗಿ ಮುಖ್ಯ ಆಟಗಾರರನೇಕರು ಬಿಟ್ಟುಹೋಗಿದ್ದ ತಂಡ. ಚೆಟ್ರಿಗೆ 150ನೇ ಪಂದ್ಯ, ಅವರೇ ಪೆನಾಲ್ಟಿಯಲ್ಲಿ ಗೋಲು ಹೊಡೆದು 1-0 ಮಾಡಿಕೊಟ್ಟರು. ನಮ್ಮ ನೆಲ, ನಮ್ಮ ಜನ. 2-1ರಿಂದ ಸೋತೆವು. ಆ ಸುತ್ತಿನಲ್ಲಿ ಏಷ್ಯಾದ 36 ತಂಡಗಳಿದ್ದವು, ಮುಂದಕ್ಕೆ ಹೋಗಬೇಕಾಗಿದ್ದದ್ದು 18. ನಾಲ್ಕು ತಂಡಗಳ ಗುಂಪಿನಲ್ಲಿ ನಮಗೆ ಮೂರನೇ ಸ್ಥಾನ. ಏಷ್ಯಾಕ್ಕೆ ಎಂಟಲ್ಲ, ಹದಿನೆಂಟು ಸೀಟು ಕೊಟ್ಟಿದ್ದರೂ ಆ ಪಟ್ಟಿಯಲ್ಲಿ ನಾವಿರುತ್ತಿರಲಿಲ್ಲ.